ಕಾಲ ಕೆಳಗಿನ ಮರ

ಮೂರು ವರ್ಷಗಳ ಹಿಂದಿನ ಮಾತು. ಕೃಷ್ಣರಾಜಪುರದಲ್ಲಿರುವ ಮಗನ ಮನೆಯಲ್ಲಿ ಒಂದು ಬೆಳಿಗ್ಗೆ, ಆಗತಾನೆ ಒರೆಸಿದ್ದ ನೆಲದ ಮೇಲೆ ನನ್ನಾಕೆ ಕಾಲುಜಾರಿ ಬಿದ್ದಳು. ನೆಲ ಕನ್ನಡಿಯಂಥದು. ವಿಟ್ರಿಫೈಡ್ ಟೈಲ್ ಎನ್ನುತ್ತಾರಲ್ಲ, ಅದು. ನೀರಿನ ತೇವ ಅದರ ಮೇಲೆ ಕಾಣುವುದೇ ಇಲ್ಲ. ತೊಡೆಯ ಮೂಳೆ ಸೊಂಟದ ಬಳಿ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆಸರೆಯ ಚೌಕಟ್ಟನ್ನು ಹಿಡಿದು ನಡೆಯುವ ಅಭ್ಯಾಸವೂ ಆಯಿತು. ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತು ಒಂದೇ: "ಔಷಧ ಇಷ್ಟು ಸಾಕು, ಇವರು ನಡೆಯುವ ಕೋಣೆಯ ನೆಲವನ್ನು ಬದಲಾಯಿಸಿ."

ನೆಲವನ್ನು ಬದಲಾಯಿಸುವುದು ಎಂದರೇನು? ನಲವತ್ತು ವರ್ಷ ಹಳಗನ್ನಡವನ್ನು ಪಾಠ ಹೇಳಿದವನಿಗೆ ಇದು ಹೊಸ ಪ್ರಶ್ನೆ. "ಮರ ಹಾಕಿಸೋಣ ಅಪ್ಪ" ಎಂದ ಮಗ. "ಬೆಂಗಳೂರಿನಲ್ಲಿ ಮರದ ನೆಲವೇ? ಗೆದ್ದಲಿಗೆ ಔತಣ ಮಾಡಿದಂತೆ" ಎಂದೆ ನಾನು. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು ಎಂದು ತಿಳಿಯಲು ಏಳೆಂಟು ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ಬಡಗಿಗಳಿಂದ, ಮರದ ವ್ಯಾಪಾರಿಗಳಿಂದ, ಪುಸ್ತಕಗಳಿಂದ, ಮತ್ತು ಒಂದು ದೊಡ್ಡ ಎಡವಟ್ಟಿನಿಂದ ನಾನು ಕಲಿತುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಮಾತಿನ ವಿಚಾರ. ಕನ್ನಡದಲ್ಲಿ ಭೂಮಿಗೂ ನೆಲವೆನ್ನುತ್ತೇವೆ, ಮನೆಯೊಳಗೆ ಕಾಲಿಡುವ ತಾಣಕ್ಕೂ ನೆಲವೆನ್ನುತ್ತೇವೆ. ಗೋಡೆ ಎದ್ದರೂ ಚಾವಣಿ ಬಂದರೂ ಕಾಲ ಕೆಳಗಿರುವುದು ಅದೇ ಮಣ್ಣು. ಅದನ್ನು ಬಡಿದು, ಸಾರಿಸಿ, ಕಲ್ಲು ಹಾಸಿ ಮನೆಯ ನೆಲವಾಗಿಸಿದೆವು, ಅಷ್ಟೆ. ಕಲ್ಲು ಹಾಸಿದ್ದಕ್ಕೆ ನೆಲಗಟ್ಟು ಎಂಬ ಹೆಸರಿದೆ, ಹಾಸುಗಲ್ಲು ಎಂಬ ಹೆಸರಿದೆ. ಕಾವ್ಯಗಳಲ್ಲಿ ಮಣಿಕುಟ್ಟಿಮವೂ ಉಂಟು. ಮರ ಹಾಸಿದ ನೆಲಕ್ಕೆ ಮಾತ್ರ ನಮ್ಮಲ್ಲಿ ಒಂದು ನೆಲೆಗೊಂಡ ಹೆಸರಿಲ್ಲ. ಮರದ ಹಲಗೆ ನಮ್ಮ ಮನೆಗಳಲ್ಲಿ ಇದ್ದದ್ದು ತಲೆಯ ಮೇಲೆ. ಮಲೆನಾಡಿನ ಮನೆಗಳಲ್ಲಿ ಮುಚ್ಚಿಗೆ, ಕರಾವಳಿಯಲ್ಲಿ ಉಪ್ಪರಿಗೆ, ಬಯಲುಸೀಮೆಯಲ್ಲಿ ಅಟ್ಟ. ಕೆಳಗಿನವರಿಗೆ ಅದು ಚಾವಣಿ, ಮೇಲೆ ಹತ್ತಿದವರಿಗೆ ನೆಲ.

ದಂಡಿನ ಬಂಗಲೆಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಇಂಗ್ಲಿಷರ ದಂಡು ನೆಲೆಯೂರಿತು. ಅವರು ಬಂದದ್ದು ಮರದ ನೆಲವೇ ವಾಡಿಕೆಯಾದ ನಾಡಿನಿಂದ. ಚಳಿಯ ದೇಶದಲ್ಲಿ ಕಲ್ಲಿನ ಮೇಲೆ ಕಾಲಿಡುವುದು ಶಿಕ್ಷೆ. ಆದರೆ ಇಲ್ಲಿ ಅವರು ಕಟ್ಟಿಸಿದ ಬಂಗಲೆಗಳ ನೆಲ ಅಂತಸ್ತಿನಲ್ಲಿ ಸಾಮಾನ್ಯವಾಗಿ ಮರವನ್ನು ಕಾಣೆವು. ಕಲ್ಲು ಚಪ್ಪಡಿ, ಇಟ್ಟಿಗೆಯ ಮೇಲೆ ಸುಣ್ಣದ ಗಾರೆ, ಆಮೇಲೆ ಸುಟ್ಟ ಜೇಡಿಯ ಬಿಲ್ಲೆ, ಇನ್ನೂ ಆಮೇಲೆ ಕೆಂಪು ಬಣ್ಣ ಬೆರೆಸಿ ಉಜ್ಜಿದ ಸಿಮೆಂಟು. ಮರ ಇದ್ದದ್ದು ಕಿಟಕಿಯ ಮೇಲಿನ ಚೂಪು ತಲೆಯ ಜಾಲರಿಯಲ್ಲಿ, ಮೆಟ್ಟಿಲಿನಲ್ಲಿ, ಮಹಡಿಯ ಹಲಗೆಯಲ್ಲಿ, ತಾರಸಿಯನ್ನು ಹೊತ್ತ ತೇಗದ ತೊಲೆಗಳಲ್ಲಿ. ಪರದೇಶದವರಾದರೂ ಗೆದ್ದಲಿನ ಮಾತನ್ನು ಬೇಗ ಕೇಳಿದರು.

ಗೆದ್ದಲೊಂದೇ ಕಾರಣವಲ್ಲ, ನೀರೂ ಕಾರಣ. ಫ್ರಾನ್ಸಿನ ವರ್ಸಾಯಿ ಅರಮನೆಯಲ್ಲಿ 1684ರಲ್ಲಿ ಅಮೃತಶಿಲೆಯ ನೆಲವನ್ನು ಕಿತ್ತು ಮರದ ಚೌಕಗಳನ್ನು ಜೋಡಿಸಿದರಂತೆ. ಅಮೃತಶಿಲೆಯನ್ನು ದಿನವೂ ತೊಳೆಯಬೇಕು. ತೊಳೆದ ನೀರು ಸಂದಿಯಿಂದಿಳಿದು ಕೆಳಗಿನ ಮರದ ತೊಲೆಗಳು ಕೊಳೆಯುತ್ತಿದ್ದವು. ಅವರು ತೊಳೆಯುವುದನ್ನು ಬಿಟ್ಟು ಮರವನ್ನು ಉಳಿಸಿಕೊಂಡರು. ನಾವು ಮರವನ್ನು ಬಿಟ್ಟು ತೊಳೆಯುವುದನ್ನು ಉಳಿಸಿಕೊಂಡವರು. ಬೆಳಗಾದರೆ ಸಾರಿಸಬೇಕು, ಹಬ್ಬವಾದರೆ ತೊಳೆಯಬೇಕು, ಹೊರಗಿನಿಂದ ಬಂದವರು ಕಾಲಿಗೆ ನೀರು ಹಾಕಿಕೊಂಡು ಒದ್ದೆಗಾಲಿನಲ್ಲೇ ಒಳಗೆ ಬರಬೇಕು. ಈ ಮನೆಗೆ ಮರದ ನೆಲವನ್ನು ತರುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಯಾವ ಮರ?' ಎಂಬುದಲ್ಲ, 'ನೆಲ ಒರೆಸುವ ಬಟ್ಟೆಯನ್ನು ಹಿಂಡುವವರು ಯಾರು?' ಎಂಬುದು.

ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾವು ಎಡವಿದೆವು. ಮಗನಿಗೆ ಆತುರ. ಇಂದಿರಾನಗರದ ಕಡೆಯ ಒಂದು ಅಂಗಡಿಗೆ ಹೋದ. ಅದರ ಹೆಸರು ಇಲ್ಲಿ ಬೇಡ. ಎರಡೇ ದಿನದಲ್ಲಿ ಕೋಣೆಗೆ ಹೊಂಬಣ್ಣದ ಮರದ ನೆಲ ಬಂದಿತು. ನೋಡಲು ಸೊಗಸು. ಗಂಟು, ಎಳೆ, ಬಳೆ ಎಲ್ಲವೂ ಇದ್ದವು. ಒಂದು ವಾರ ನೋಡುತ್ತಾ ಕುಳಿತವನಿಗೆ ಒಂದು ವಿಚಿತ್ರ ಕಂಡಿತು: ಕಿಟಕಿಯ ಬಳಿಯ ಹಲಗೆಯಲ್ಲಿದ್ದ ಗಂಟು, ಮಂಚದ ಬಳಿಯ ಹಲಗೆಯಲ್ಲೂ ಅದೇ ಆಕಾರದಲ್ಲಿ, ಅದೇ ಜಾಗದಲ್ಲಿ ಇತ್ತು. ಎರಡು ಮರಗಳಿಗೆ ಒಂದೇ ಗಂಟು ಇರಲಾರದು. ಅದು ಮರವಲ್ಲ, ಮರದ ಛಾಯಾಚಿತ್ರ. ಲ್ಯಾಮಿನೇಟ್ ಎಂದು ಅದರ ಹೆಸರು. 1977ರಲ್ಲಿ ಸ್ವೀಡನ್ನಿನವರು ಕಂಡುಹಿಡಿದದ್ದು. ಮರದ ನಾರನ್ನು ಅಂಟಿನೊಡನೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಗಟ್ಟಿಯಾದ ಪಾರದರ್ಶಕ ಪದರ. ಇದರಲ್ಲಿ ಮೋಸವೇನೂ ಇಲ್ಲ. ಹೇಳಿ ಕೊಟ್ಟರೆ ಒಳ್ಳೆಯ ಪದಾರ್ಥವೇ. ಗೀರು ಬೀಳುವುದು ಕಡಿಮೆ, ಬೆಲೆಯೂ ಕಡಿಮೆ. ಆದರೆ ಅಂಚಿನಿಂದ ಒಳಹೊಕ್ಕ ನೀರನ್ನು ಒಳಗಿನ ನಾರು ಹೀರಿಕೊಂಡರೆ ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. 'ನೀರಿಗೆ ಏನೂ ಆಗೊಲ್ಲ' ಎಂದು ಅಂಗಡಿಯವರು ಹೇಳಿದ್ದರು. ಮನೆಗೆಲಸದಾಕೆ ಎಂದಿನಂತೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಆರು ವಾರದಲ್ಲಿ ಹಲಗೆಗಳ ಕೂಡುವ ಅಂಚು ಏರಿ ಉದ್ದುದ್ದಕ್ಕೆ ಸಣ್ಣ ಸಣ್ಣ ಬದುಗಳಾದವು. ಎಡವದಿರಲೆಂದು ಹಾಕಿಸಿದ ನೆಲ ಎಡವುವ ನೆಲವಾಯಿತು. ನನ್ನಾಕೆ ಆ ಕೋಣೆಗೆ ಕಾಲಿಡಲು ಹೆದರಿ ನಡುಮನೆಯ ದಿವಾನದ ಮೇಲೆ ಮಲಗತೊಡಗಿದಳು. ಅಂಗಡಿಯವರು ಬಂದು ನೋಡಿ, ತಪ್ಪು ಒರೆಸಿದವರದು ಎಂದು ಹೇಳಿ ಹೋದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾರುವಾಗ ಆ ಮಾತನ್ನು ಹೇಳಿರಲಿಲ್ಲ, ಅಷ್ಟೆ.

ಇದೇ ಸಮಯದಲ್ಲಿ ಹಲಸೂರಿನಲ್ಲಿದ್ದ ನಮ್ಮ ಮಾವನವರ ಮನೆ ಪಾಲಾಗಿ, ಕೆಡವಲು ಗೊತ್ತಾಯಿತು. ನನ್ನಾಕೆ ಹುಟ್ಟಿ ಬೆಳೆದ ಮನೆ. ಮಹಡಿಯ ಕೋಣೆಗೆ ತೇಗದ ಹಲಗೆ, ಅದರ ಕೆಳಗೆ ತೇಗದ ತೊಲೆ. ಕೆಡವುವ ಗುತ್ತಿಗೆದಾರರು ಬಾಗಿಲು ಕಿಟಕಿ ತೊಲೆಗಳಿಗೆಂದೇ ಬರುತ್ತಾರೆ. ಇಟ್ಟಿಗೆ ಅವರಿಗೆ ಹೊರೆ, ಮರವೇ ಲಾಭ. ನನ್ನ ಭಾವಮೈದುನ ಫೋನು ಮಾಡಿ, "ಅಕ್ಕನಿಗೆ ಏನಾದರೂ ನೆನಪಿಗೆ ಬೇಕಿದ್ದರೆ ಈ ವಾರವೇ ಬಂದು ತೆಗೆದುಕೊಂಡು ಹೋಗಿ ಭಾವ" ಎಂದ. ದೇವರಮನೆಯ ಬಾಗಿಲನ್ನು ಕೇಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು ಮಹಡಿಯ ನೆಲವನ್ನು.

ಶಿವಾಜಿನಗರದಲ್ಲಿ ಮೂರು ತಲೆಮಾರಿನಿಂದ ಮರಗೆಲಸ ಮಾಡುವ ಒಬ್ಬ ವೃದ್ಧ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಆತ ಮಹಡಿ ಹತ್ತಿದವನು ಹಲಗೆಯ ಮೇಲ್ಮೈಯನ್ನು ನೋಡಲೇ ಇಲ್ಲ. ಬಗ್ಗಿ ತುದಿಯನ್ನು ನೋಡಿದ. "ಸಾರ್, ಮರಕ್ಕೆ ಮುಖ ನೋಡ್ಬಾರ್ದು, ತುದಿ ನೋಡ್ಬೇಕು" ಎಂದ. ಮರದ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿದೆ. ಅದನ್ನು ಬಿಡಿಸಿ ಹೇಳಲು ನನಗೆ ಸ್ವಲ್ಪ ಸಮಯ ಬೇಕು.

ಹಸಿ ಮರದಲ್ಲಿ ನೀರು ಎರಡು ಬಗೆಯಲ್ಲಿರುತ್ತದೆ: ನಾಳಗಳ ಪೊಳ್ಳಿನಲ್ಲಿ ತುಂಬಿದ ನೀರು, ನಾಳದ ಗೋಡೆಯಲ್ಲೇ ಅಡಗಿದ ನೀರು. ಪೊಳ್ಳಿನ ನೀರು ಆರಿದರೆ ಮರ ಹಗುರಾಗುತ್ತದೆ, ಆದರೆ ಕುಗ್ಗುವುದಿಲ್ಲ. ಮರದ ತೂಕದಲ್ಲಿ ನೂರಕ್ಕೆ ಸುಮಾರು 30 ಪಾಲು ನೀರು ಉಳಿಯುವವರೆಗೆ ಹೀಗೆ. ಅಲ್ಲಿಂದ ಕೆಳಗೆ ಗೋಡೆಯ ನೀರು ಹೊರಡತೊಡಗಿದಾಗ ಮರ ಕುಗ್ಗುತ್ತದೆ. ಎಲ್ಲಿಯವರೆಗೆ? ಸುತ್ತಣ ಗಾಳಿಯ ತೇವಕ್ಕೆ ಸರಿಹೊಂದುವವರೆಗೆ. ಗಾಳಿ ಒದ್ದೆಯಾದರೆ ಮತ್ತೆ ಹೀರಿಕೊಂಡು ಹಿಗ್ಗುತ್ತದೆ. ಕಡಿದು ನೂರು ವರ್ಷವಾದರೂ ಈ ಕೊಡು-ಕೊಳ್ಳುವಿಕೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದನ್ನು ಬಲ್ಲ ನಮಗೆ ಇದು ಹೊಸದೇನೂ ಅಲ್ಲ.

ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ಹವೆ ಹಿತವೆಂದು ಹೊಗಳುತ್ತೇವೆ. ಮರವನ್ನು ಕೇಳಿದರೆ ಅಷ್ಟು ಹೊಗಳಲಾರದು. ಮಾರ್ಚಿಯ ಮಧ್ಯಾಹ್ನ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಆಗಸ್ಟಿನಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮನೆಯೊಳಗಿನ ಮರದ ತೇವ ಈ ಎರಡು ಕಾಲಗಳ ನಡುವೆ ನೂರಕ್ಕೆ ಸುಮಾರು 9ರಿಂದ 13ರವರೆಗೆ ಏರಿಳಿಯುತ್ತದೆಂದು ಇಟ್ಟುಕೊಳ್ಳೋಣ. ಆದುದರಿಂದ ಹಾಸುವ ದಿನ ಮರದಲ್ಲಿ 10ರಿಂದ 12 ಪಾಲು ತೇವವಿದ್ದರೆ ಸರಿ. ಚುಚ್ಚಿ ನೋಡುವ ಸಣ್ಣ ಮೀಟರು ಸಿಗುತ್ತದೆ. ಒಳ್ಳೆಯ ಮರದಂಗಡಿಯಲ್ಲಿ ಕೇಳಿದರೆ ತೋರಿಸುತ್ತಾರೆ. ತೋರಿಸಲು ಹಿಂಜರಿದರೆ ಅದೂ ಒಂದು ಉತ್ತರವೇ.

ಇನ್ನು ತುದಿಯ ವಿಚಾರ. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ. ತಿರುಳಿನಿಂದ ತೊಗಟೆಯತ್ತ ಎಷ್ಟು ಕುಗ್ಗುತ್ತದೆಯೋ ಅದರ ಸುಮಾರು ಎರಡರಷ್ಟು ವರ್ಷದ ಬಳೆಗಳ ಗುಂಟ ಕುಗ್ಗುತ್ತದೆ. ಹಲಗೆಯ ತುದಿಯಲ್ಲಿ ಬಳೆಯ ಗೆರೆಗಳು ಚಾಪೆಯಂತೆ ಮಲಗಿದ್ದರೆ ಆ ಹಲಗೆ ಅಗಲದಲ್ಲಿ ಹೆಚ್ಚು ಆಡುತ್ತದೆ, ದೋಣಿಯಂತೆ ಬಾಗಲೂಬಹುದು. ಗೆರೆಗಳು ನೆಟ್ಟಗೆ ನಿಂತಿದ್ದರೆ ಅರ್ಧದಷ್ಟು ಮಾತ್ರ ಆಡುತ್ತದೆ. ತೇಗವನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ: 12 ಅಡಿ ಅಗಲದ ಕೋಣೆ, ಮಲಗಿದ ಗೆರೆಯ ಹಲಗೆ, ತೇವದಲ್ಲಿ ನಾಲ್ಕು ಪಾಲಿನ ವ್ಯತ್ಯಾಸ. ಇಡೀ ನೆಲ ಒಂದು ಅಂಗುಲದಷ್ಟು ಹಿಗ್ಗಲು ಜಾಗ ಕೇಳುತ್ತದೆ. ನಿಂತ ಗೆರೆಯದಾದರೆ ಅರ್ಧ ಅಂಗುಲ. ಜಾಗವಿಲ್ಲದಿದ್ದರೆ ಗೋಡೆಯನ್ನು ಒತ್ತಿ, ಗೋಡೆ ಸರಿಯದಿದ್ದಾಗ ತಾನೇ ನಡುವೆ ಎದ್ದು ನಿಲ್ಲುತ್ತದೆ. ಗೋಡೆಯ ಬುಡದಲ್ಲಿ ಸುತ್ತಲೂ ಅರ್ಧ ಅಂಗುಲ ಸಂದು ಬಿಟ್ಟು, ಅದನ್ನು ಅಂಚುಪಟ್ಟಿಯಿಂದ ಮರೆಮಾಡುವುದು ಈ ಕಾರಣಕ್ಕೆ. ಸಂದನ್ನು ಸಿಮೆಂಟು ತುಂಬಿ ಅಂದಗಾಣಿಸುವ ಗಾರೆಯವರನ್ನು ದೂರವಿಡಬೇಕು.

ಹದವಾಗದ ಮರವನ್ನು ಹಾಸಿದರಂತೂ ಕೇಳಲೇಬೇಡಿ. 25 ಪಾಲು ತೇವದ ಮೂರಂಗುಲದ ಹಲಗೆ 10ಕ್ಕೆ ಇಳಿಯುವಷ್ಟರಲ್ಲಿ ಎರಡು ಮಿಲಿಮೀಟರು ಕುಗ್ಗುತ್ತದೆ. ಸಾಲುಸಾಲಾಗಿ ಎರಡು ಮಿಲಿಮೀಟರಿನ ಬಿರುಕು; ಅದರಲ್ಲಿ ರಾಗಿಕಾಳು, ಕೂದಲು, ಇರುವೆ.

ಯಾವ ಮರ ಎಂಬ ಪ್ರಶ್ನೆಗೆ ಈಗ ಬರಬಹುದು. ತೇಗದ ಹೆಸರು ಮೊದಲು ಬರುವುದು ಸಹಜ. ಇಂಗ್ಲಿಷರು ಅದಕ್ಕಿಟ್ಟ ಹೆಸರೂ ಮಲಯಾಳದ 'ತೇಕ್ಕು' ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದೇ. ನಮ್ಮ ತೇಗ ಅದರ ಒಡಹುಟ್ಟು. 1791ರಲ್ಲಿ ಮುಗಿದ, ಕೋಟೆಯ ಬಳಿಯ ಟಿಪ್ಪುವಿನ ಅರಮನೆಯ ತೇಗದ ಕಂಬಗಳು ಇಂದಿಗೂ ನಿಂತಿವೆ. ತೇಗ ಬಹಳ ಗಟ್ಟಿಯೆಂಬುದು ತಪ್ಪು ತಿಳಿವಳಿಕೆ. ಹೊನ್ನೆ, ಮತ್ತಿ, ಕಿರಾಲುಬೋಗಿ ಇವೆಲ್ಲ ಅದಕ್ಕಿಂತ ಗಟ್ಟಿ, ಅದಕ್ಕಿಂತ ಭಾರ. ತೇಗದ ಹಿರಿಮೆ ಬೇರೆ: ಅದು ಕಡಿಮೆ ಆಡುತ್ತದೆ, ಬಾಗುವುದಿಲ್ಲ, ಅದರ ಚೇಗಿನಲ್ಲಿರುವ ಎಣ್ಣೆ ಮತ್ತಿತರ ದ್ರವ್ಯಗಳು ಗೆದ್ದಲಿಗೆ ಹಿಡಿಸುವುದಿಲ್ಲ. ಚೇಗು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ತೇಗದ ಹೊರವಲಯದ ಬಿಳಿಯ ಭಾಗಕ್ಕೆ ಈ ಗುಣವಿಲ್ಲ. ಹುಳು ಅದನ್ನು ಸಂತೋಷವಾಗಿಯೇ ತಿನ್ನುತ್ತದೆ. ಬೇಗ ಬೆಳೆಸಿ ಎಳೆಯದರಲ್ಲೇ ಕಡಿದ ತೋಟದ ತೇಗದಲ್ಲಿ ಈ ಬಿಳಿಯೇ ಹೆಚ್ಚು. ಅದಕ್ಕೆ ಬಣ್ಣ ಬಳಿದು ಮಾರುವುದುಂಟು. ಹಲಗೆಯ ಹಿಂಬದಿಯನ್ನೂ ತುದಿಯನ್ನೂ ನೋಡಿದರೆ ಬಣ್ಣದ ಬಂಡವಾಳ ಹೊರಬೀಳುತ್ತದೆ.

'ಬರ್ಮಾ ತೇಗ' ಎಂಬ ಹೆಸರಿಗೆ ನಮ್ಮ ಊರಿನಲ್ಲಿ ಮಂತ್ರದ ಬಲವಿದೆ. ಆ ದೇಶ 2014ರ ಏಪ್ರಿಲಿನಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ನಮ್ಮಲ್ಲಿಯೂ 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿತು. ಆಮೇಲೆ ಬಂದರುಗಳಿಗೆ ಬಂದಿಳಿಯುತ್ತಿರುವ ತೇಗದಲ್ಲಿ ಬಹುಪಾಲು ಆಫ್ರಿಕದ ಘಾನಾ, ದಕ್ಷಿಣ ಅಮೆರಿಕದ ಎಕ್ವಡಾರ್ ಮೊದಲಾದ ಕಡೆಯ ತೋಟಗಳದು. ತೋಟದ್ದೆಂದ ಮಾತ್ರಕ್ಕೆ ಕೀಳಲ್ಲ. 1840ರ ದಶಕದಲ್ಲಿ ನೀಲಂಬೂರಿನಲ್ಲಿ ನೆಟ್ಟದ್ದೂ ತೋಟದ ತೇಗವೇ. ವಯಸ್ಸು ಮುಖ್ಯ. ಸಂಶಯ ಬಂದವರಿಗೆ ಬೆಂಗಳೂರಿನಲ್ಲಿ ಒಂದು ಅನುಕೂಲವುಂಟು. 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ದೊಡ್ಡ ಸಂಸ್ಥೆಯಾದ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ಮರದ ತುಂಡನ್ನು ಪರೀಕ್ಷಿಸಿ ಅದು ಯಾವ ಜಾತಿಯದೆಂದು ಹೇಳುತ್ತಾರೆ. ಮಗಳ ಮದುವೆಗೆ ಚಿನ್ನವನ್ನು ಒರೆಗೆ ಹಚ್ಚುವ ನಾವು, ಚಿನ್ನದಷ್ಟೇ ಹಣ ಸುರಿದು ಕೊಳ್ಳುವ ಮರವನ್ನು ಬಾಯಿಮಾತಿನ ಮೇಲೆ ಕೊಳ್ಳುತ್ತೇವೆ.

ಹೊನ್ನೆ ನನ್ನ ಮೆಚ್ಚಿನ ಮರ. ಜೇನಿನ ಬಣ್ಣ, ಗಟ್ಟಿ ಮೈ, ಬಾಳಿಕೆಯೂ ಚೆನ್ನಾಗಿದೆ. ಆದರೆ ನೀರು ತಾಗಿದಲ್ಲಿ ಬಣ್ಣ ಬಿಡುವುದು ಅದರ ಹುಟ್ಟುಗುಣ. ಮಧುಮೇಹದವರು ಹೊನ್ನೆಯ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ, ಆ ನೀರಿನ ಬಣ್ಣವನ್ನು ನೆನೆದುಕೊಳ್ಳಿ. ಮತ್ತಿ ಉಕ್ಕಿನಂಥದು, ಒಣಗುವಾಗ ಸೀಳು ಬಿಡುವ ಹಟಮಾರಿ. ಹೆಬ್ಬಲಸು ದೋಣಿ ಕಟ್ಟುವವರು ನಂಬಿದ ಮರ, ನೆಲಕ್ಕೂ ಸಲ್ಲುತ್ತದೆ. ಅದರ ತಮ್ಮ ಹಲಸು ವೀಣೆಗೆ ಹೆಸರಾದದ್ದು. ಹಲಸೂರಿಗೆ ಆ ಹೆಸರು ಬಂದದ್ದು ಕೆರೆಯ ಬಳಿಯಿದ್ದ ಹಲಸಿನ ತೋಪಿನಿಂದ ಎನ್ನುವುದುಂಟು. ಹೊಸದರಲ್ಲಿ ಅರಿಶಿನದ ಬಣ್ಣವಿದ್ದು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುವ ಆ ಮರದ ನೆಲವನ್ನು ಹಲಸೂರಿನಲ್ಲೇ ಒಂದಾದರೂ ನೋಡಬೇಕೆಂಬ ಆಸೆ ನನಗೆ ಈಡೇರಲಿಲ್ಲ. ಬೀಟೆಯ ಮಾತು ಬೇಡ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ, ಉಳಿದಿರುವುದೂ ಕೆಲವೇ. ಅದು ಕಾಡಿನಲ್ಲಿರಲಿ. ಕಾಫಿ ತೋಟದ ನೆರಳಿನ ಸಿಲ್ವರ್ ಓಕನ್ನು ಓಕ್ ಎಂಬ ಹೆಸರು ಕೇಳಿ ಕೊಂಡವರಿದ್ದಾರೆ. ಅದಕ್ಕೂ ಓಕಿಗೂ ನಂಟಿಲ್ಲ, ನೆಲಕ್ಕೆ ಅದು ಸಾಲದು.

ಇನ್ನೊಂದು ಜಾತಿಯುಂಟು, ಪದರ ಜೋಡಿಸಿದ ಹಲಗೆ. ಮೇಲೆ ಮೂರು ನಾಲ್ಕು ಮಿಲಿಮೀಟರು ನಿಜವಾದ ಮರ, ಕೆಳಗೆ ಎಳೆಗಳು ಅಡ್ಡಡ್ಡಲಾಗಿ ಬರುವಂತೆ ಅಂಟಿಸಿದ ಪದರಗಳು. ಒಂದು ಪದರ ಆಡಹೊರಟರೆ ಇನ್ನೊಂದು ಹಿಡಿದುಕೊಳ್ಳುತ್ತದೆ. 1941ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದವರೂ ಸ್ವೀಡನ್ನಿನವರೇ. ಬೆಂಗಳೂರಿನ ಬಹುಮಹಡಿ ಮನೆಗಳಿಗೆ, ಹೊಸ ಮರವನ್ನೇ ಕೊಳ್ಳುವವರಿಗೆ, ಇದೇ ತಕ್ಕದ್ದೆಂದು ನನಗೆ ತೋರುತ್ತದೆ. ಮೇಲಿನ ಪದರ ಎಷ್ಟು ದಪ್ಪವೆಂದು ಕೇಳಬೇಕು. ಮುಂದೆ ಎಷ್ಟು ಸಲ ಉಜ್ಜಿ ಹೊಸದು ಮಾಡಬಹುದೆಂಬುದು ಅದನ್ನು ಅವಲಂಬಿಸಿದೆ. ಅರ್ಧ ಮಿಲಿಮೀಟರಿನದಾದರೆ ಒಮ್ಮೆಯೂ ಇಲ್ಲ. ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಅನಿಲ ಕಡಿಮೆಯಿರುವುದಕ್ಕೆ 'ಇ-1' ಎಂಬ ಗುರುತಿದೆ. ಮಲಗುವ ಕೋಣೆಗೆ ಅದನ್ನು ನೋಡಿಯೇ ಕೊಳ್ಳುವುದು ಒಳ್ಳೆಯದು.

ಹಲಸೂರಿನ ಮನೆಗೆ ಹಿಂದಿರುಗೋಣ. ಮೇಸ್ತ್ರಿ ಮಹಡಿಯ ಹಲಗೆಗಳನ್ನು ಬೇಡವೆಂದ. ಒಂಬತ್ತಂಗುಲ ಅಗಲ, ಮಲಗಿದ ಗೆರೆ, ಅಂಚಿನ ಬಿಳಿಯನ್ನು ಹುಳು ತಿಂದಿತ್ತು. ಮೇಲೆ ಹಳೆಯ ಬಣ್ಣದ ಪದರಗಳು ಬೇರೆ. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಅದನ್ನು ಉಜ್ಜಿ ಪುಡಿಯನ್ನು ಉಸಿರಾಡುವುದು ಕ್ಷೇಮವಲ್ಲ. ನನ್ನಾಕೆಯ ಮುಖ ಸಣ್ಣದಾಯಿತು. ಆಗ ಆತ ಕೆಳಗಿಳಿದು ಬಂದು ತಲೆಯೆತ್ತಿ ತೊಲೆಗಳನ್ನು ತೋರಿಸಿದ. "ಅಮ್ಮಾ, ನೀವು ಓಡಾಡಿದ್ದು ಹಲಗೆ ಮೇಲೆ. ಹಲಗೆ ಓಡಾಡಿದ್ದು ಇದರ ಮೇಲೆ. ಇದ್ನ ಕೊಯ್ಸೋಣ." ಎಂಟಂಗುಲಕ್ಕೆ ಐದಂಗುಲ, 12 ಅಡಿ ಉದ್ದದ ನಾಲ್ಕು ತೊಲೆ, ಒಂದೊಂದರಲ್ಲೂ ಮೂರೂಕಾಲು ಘನ ಅಡಿಗೆ ಮಿಗಿಲು ಮರ. ನಮ್ಮ ಕೋಣೆ 12 ಅಡಿಗೆ 12 ಅಡಿ. ಮುಕ್ಕಾಲು ಅಂಗುಲ ದಪ್ಪ ಹಾಸಲು ಒಂಬತ್ತು ಘನ ಅಡಿ ಬೇಕು. ಮೂರರಲ್ಲೊಂದು ಪಾಲು ಗರಗಸಕ್ಕೂ ತೋಪಡಕ್ಕೂ ಹೋಗುತ್ತದೆ. ತೊಲೆಗಳಲ್ಲಿದ್ದದ್ದು ಹದಿಮೂರು, ಸರಿಹೋಯಿತು. ಕೊಯ್ಯುವ ಮುನ್ನ ಅಯಸ್ಕಾಂತವನ್ನು ಓಡಿಸಿ ಮೊಳೆಗಳನ್ನೆಲ್ಲ ಹುಡುಕಿ ಕೀಳಿಸಿದ. ಒಂದು ಮರೆತ ಮೊಳೆ ಗರಗಸದ ಅಲಗನ್ನೇ ಮುರಿಯುತ್ತದಂತೆ. ಗೆರೆ ನಿಲ್ಲುವಂತೆ ತಿರುಗಿಸಿ ತಿರುಗಿಸಿ ಮೂರಂಗುಲದ ಪಟ್ಟಿಗಳನ್ನು ಕೊಯ್ಯಿಸಿದ. ಹೊರಗೆ ಮಸಿ ಬಣ್ಣದ ತೊಲೆ. ಒಳಗೆ ಹೊಸ ಮರದ್ದೇ ಹೊನ್ನಿನ ಬಣ್ಣ, ತೊಗಲಿನಂಥ ವಾಸನೆ. ಕೊಯ್ದ ಪಟ್ಟಿಗಳನ್ನು ನಮ್ಮ ಕೋಣೆಯಲ್ಲೇ ನಡುನಡುವೆ ಕಡ್ಡಿಯಿಟ್ಟು ಪೇರಿಸಿ ಮೂರು ವಾರ ಬಿಟ್ಟೆವು. ಹಳೆಯ ಮರವಾದರೂ ಹೊಸ ಮನೆಯ ಗಾಳಿಗೆ ಒಗ್ಗಬೇಕು.

ಹಾಸುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈಲನ್ನೂ ಅದರ ಕೆಳಗಿನ ಗಾರೆಯನ್ನೂ ಕಿತ್ತು ತೆಗೆದಾಗ ಎರಡಂಗುಲ ಆಳ ಸಿಕ್ಕಿತು. ಟೈಲಿನ ಮೇಲೆಯೇ ಹಾಸಬಹುದಿತ್ತು; ಆದರೆ ಬಾಗಿಲಿನಲ್ಲಿ ಒಂದಂಗುಲದ ಮೆಟ್ಟಿಲಾಗುತ್ತಿತ್ತು, ಕಾಲೆತ್ತಿ ಇಡಲಾರದವರಿಗೆ ಅದು ಬೆಟ್ಟ. ಪಾಲಿಥೀನ್ ಹಾಳೆ, ಅದರ ಮೇಲೆ ಹುಳು ಹಿಡಿಯದಂತೆ ಔಷಧ ಕುಡಿಸಿದ ಒಂದೂಕಾಲು ಅಂಗುಲದ ರೀಪು ಅಡಿಗೊಂದರಂತೆ, ಅದರ ಮೇಲೆ ಮುಕ್ಕಾಲು ಅಂಗುಲದ ಪಟ್ಟಿ. ಪಕ್ಕದ ಕೋಣೆಗೆ ಸರಿಸಮ. ರೀಪಿನ ಮೇಲೆ ಹಾಸಿದ ಹಲಗೆ ಹೆಜ್ಜೆಗೆ ಕೂದಲೆಳೆಯಷ್ಟು ಬಾಗಿ ಕೊಡುತ್ತದೆ. ಕಾಂಕ್ರೀಟಿಗೆ ಅಂಟಿಸಿದ್ದು ಹಾಗಲ್ಲ, ಬಿದ್ದರೆ ಅದು ಕಾಂಕ್ರೀಟೇ. ನೆಲ ಅಂತಸ್ತಿನ ಮನೆಯವರು ಮಾತ್ರ ಮೊದಲು ಒಂದು ಪರೀಕ್ಷೆ ಮಾಡಬೇಕು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲೆ ಸುತ್ತಲೂ ಅಂಟಿಸಿ, ಒಂದು ದಿನ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ಹನಿ ಕಂಡರೆ ಮರದ ಯೋಚನೆಯನ್ನು ಸದ್ಯಕ್ಕೆ ಬಿಡುವುದು ಮೇಲು.

ಬಚ್ಚಲಿನ ಬಾಗಿಲ ಮುಂದೆ ಎರಡಡಿ ಅಗಲ ಮರ ಹಾಸಲಿಲ್ಲ. ಅಲ್ಲಿ ಸಾದರಹಳ್ಳಿಯ ಕಲ್ಲನ್ನು ಹೊಳಪು ಕೊಡದೆ ಉಳಿಯ ಗುರುತು ಉಳಿಯುವಂತೆ ಹಾಕಿಸಿದೆವು. ಒದ್ದೆಗಾಲು ಕಲ್ಲಿಗೆ, ಒಣಗಾಲು ಮರಕ್ಕೆ. ಮೇಲ್ಮೈಗೆ ಹೊಳೆಯುವ ಪಾಲಿಶ್ ಬೇಡವೆಂದೆ. ಹೊಳಪಿನ ಮರ ಟೈಲಿನಷ್ಟೇ ಜಾರುತ್ತದೆ. ಅಗಸೆ ಎಣ್ಣೆಯನ್ನು ಮೂರು ಸಲ ಕುಡಿಸಿ, ಹೆಚ್ಚಾದದ್ದನ್ನು ಒರೆಸಿ ತೆಗೆದೆವು. ಎಣ್ಣೆಯ ನೆಲಕ್ಕೆ ವರ್ಷಕ್ಕೊಮ್ಮೆ ಆರೈಕೆ ಬೇಕು, ನೀರಿನ ಕಲೆಯೂ ಬೇಗ ಹತ್ತುತ್ತದೆ. ಆದರೆ ಗೀರಾದ ಕಡೆ ಮಾತ್ರ ಉಜ್ಜಿ ಸರಿಪಡಿಸಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿಟ್ಟರೆ ತಾನಾಗಿ ಹೊತ್ತಿಕೊಳ್ಳುವುದುಂಟೆಂದು ಮೇಸ್ತ್ರಿ ಎಚ್ಚರಿಸಿದ. ನೀರಿನಲ್ಲಿ ನೆನೆಸಿ ಹೊರಗೆ ಹರವಿದೆವು.

ನೀರು ಹಾಕಿ ಒರೆಸದ ನೆಲ ಮಡಿಯೇ ಎಂಬ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಸಾಕೆಂದು ಮೇಸ್ತ್ರಿಯ ಮಾತು. ಬಟ್ಟೆಯನ್ನು ತನ್ನ ಕೈಯಿಂದಲೇ ಹಿಂಡುತ್ತಾಳೆ ನನ್ನಾಕೆ, ಇನ್ನೊಬ್ಬರಿಗೆ ಬಿಡುವುದಿಲ್ಲ. ರಂಗೋಲಿ ಮಾತ್ರ ಬಾಗಿಲಾಚೆಯ ಕಲ್ಲಿನ ಮೇಲೆ.

ಈ ಸಲ ಮಾರ್ಚಿಯಲ್ಲಿ ಕಿಟಕಿಯ ಬಳಿ ಎರಡು ಪಟ್ಟಿಗಳ ನಡುವೆ ಸಣ್ಣ ಗೆರೆ ಕಂಡಿತು. ಹಳೆಯ ಅಂಚೆ ಕಾರ್ಡಿನ ಅಂಚು ಅದರಲ್ಲಿ ಇಳಿಯುತ್ತಿತ್ತು. ಮಗ ಗಾಬರಿಯಾಗಿ ಪುಟ್ಟಿ ತುಂಬಿಸೋಣವೆಂದ. ಮೇಸ್ತ್ರಿಗೆ ಫೋನು ಮಾಡಿದೆವು. "ಏನೂ ತುಂಬ್ಬೇಡಿ ಸಾರ್, ಮಳೆ ಬರ್ಲಿ" ಎಂದು ಇಟ್ಟುಬಿಟ್ಟ. ಆಸರೆಯ ಚೌಕಟ್ಟನ್ನು ಬಿಟ್ಟು ಕೋಲಿನಲ್ಲೇ ನಡೆಯುತ್ತಿದ್ದಾಳೆ ಈಗ ನನ್ನಾಕೆ. ಆಗಸ್ಟಿನ ಒಂದು ಮಧ್ಯಾಹ್ನ ಹೊರಗೆ ಜಡಿಮಳೆ. ಅವಳು ಕಾರ್ಡನ್ನು ಹುಡುಕಿ ತಂದು, ಕೋಲನ್ನು ಗೋಡೆಗೊರಗಿಸಿ, ಕಿಟಕಿಯ ಬಳಿ ನಿಧಾನವಾಗಿ ಕುಳಿತು, ಅದೇ ಜಾಗದಲ್ಲಿ ಅಂಚನ್ನು ಒತ್ತಿ ನೋಡಿದಳು. ಇಳಿಯಲಿಲ್ಲ.